ಬಂದವರಿಗೆ ಮೊದಲು

ಬೆಳಿಗ್ಗೆ ಬೀರುವಿನಲ್ಲಿ ಕನ್ನಡಕ ಹುಡುಕುತ್ತಿದ್ದಾಗ ರಬ್ಬರ್ ಕೈಗವಸಿನ ಹಳೆಯ ಡಬ್ಬಿಯೊಂದು ಸಿಕ್ಕಿತು. ಮುಚ್ಚಳ ತೆಗೆದರೆ ಅದೇ ವಾಸನೆ, ಬಲೂನಿನದ್ದು. ಕನ್ನಡಕ ಹಣೆಯ ಮೇಲೇ ಇತ್ತು ಅನ್ನುವುದನ್ನು ನಿಮ್ಮಿಂದ ಮುಚ್ಚಿಡುವುದಿಲ್ಲ.

ಸೊರಬದ ಪಶು ಆಸ್ಪತ್ರೆಯಲ್ಲಿ ನಾನು ಇನ್ಸ್‌ಪೆಕ್ಟರ್ ಆಗಿದ್ದೆ. ಹಕ್ಕಿಜ್ವರದ ಸುದ್ದಿ ಹಬ್ಬಿದಾಗಲೆಲ್ಲ ಕೋಳಿ ಫಾರಂಗಳಿಗೆ ಹೋಗಿ ಭಾಷಣ ಮಾಡುವುದು ನನ್ನ ಪಾಲಿಗೆ ಬರುತ್ತಿತ್ತು. ಸತ್ತ ಕೋಳಿಯನ್ನು ಬರಿಗೈಲಿ ಮುಟ್ಟಬೇಡಿ, ಮೂಗು ಬಾಯಿ ಮುಚ್ಚಿಕೊಳ್ಳಿ, ಕೈ ತೊಳೆಯದೆ ಎಲೆಅಡಿಕೆ ಹಾಕಬೇಡಿ. ಕೊನೆಯದಕ್ಕೆ ಎಲ್ಲರೂ ನಗುತ್ತಿದ್ದರು. ಹೇಳುವಾಗ ನನ್ನ ಬಾಯಲ್ಲೂ ಎಲೆಅಡಿಕೆ ಇರುತ್ತಿತ್ತು.

ಶಿಕಾರಿಪುರಕ್ಕೆ ಹೋಗುವ ದಾರಿಯ ಒಂದು ಫಾರಂನಲ್ಲಿ ಗಂಗವ್ವ ಕೋಳಿ ನೋಡಿಕೊಳ್ಳುತ್ತಿದ್ದರು. ಒಂದು ಬೆಳಿಗ್ಗೆ ಅಲ್ಲಿ ಕೋಳಿಗಳು ಸಾಲುಸಾಲಾಗಿ ಸತ್ತು ಬಿದ್ದವು. ನಾನು ಹಿಂದೆ ಹಂಚಿದ್ದ ಮಾಸ್ಕು, ಕೈಗವಸುಗಳಲ್ಲಿ ಒಂದು ಜೊತೆ ಮಾತ್ರ ಮಡಿಕೆ ಬಿಡಿಸದೆ ಉಳಿದಿತ್ತು. ನೆಂಟರು ಬಂದಾಗ ಹೊಸ ತಟ್ಟೆ ತೆಗೆಯುವ ಹಾಗೆ ಗಂಗವ್ವ ಅದನ್ನು ನನ್ನ ಮುಂದೆ ಹಿಡಿದರು.

"ನೀವು ಹಾಕ್ಕೊಳ್ರಿ ಸಾಹೇಬ್ರ. ನಾವು ದಿನಾ ಇವುಗಳ ಜೋಡಿ ಇರೋರು, ನಮಗೇನಾಗ್ತೈತಿ?"

ಹಾಕಿಕೊಂಡೆ. ಬೇಡ ಅಂದರೆ ಬೇಜಾರಾದಾರು ಎಂದು ನನಗೆ ನಾನೇ ಹೇಳಿಕೊಂಡೆ. ನಿಜ ಹೇಳಬೇಕೆಂದರೆ ಹೆದರಿದ್ದೆ. ಬಾಗಿಲಲ್ಲಿ ನಿಂತು ಮಾರ್ಗದರ್ಶನ ಮಾಡಿದೆ. ಅವರು ಮೂಗಿಗೆ ಸೆರಗು ಕಟ್ಟಿಕೊಂಡು, ಬರಿಗೈಲಿ ಸತ್ತ ಕೋಳಿಗಳನ್ನು ಚೀಲಕ್ಕೆ ತುಂಬಿದರು.

ಮೂರನೇ ದಿನ ಅವರಿಗೆ ಜ್ವರ ಬಂತು. ಗಂಟಲಿನ ಮಾದರಿ ಪರೀಕ್ಷೆಗೆ ಹೋಯಿತು. ವರದಿ ಬರುವವರೆಗೆ ಹಿತ್ತಿಲ ಕೋಣೆಯಲ್ಲಿ ಒಬ್ಬರೇ. ಗಂಡ ಹೊಸ್ತಿಲಲ್ಲಿ ಗಂಜಿ ಇಟ್ಟು ಹಿಂದೆ ಸರಿಯುತ್ತಿದ್ದರಂತೆ. ಆ ದಿನಗಳಲ್ಲಿ ನನಗೆ ಅನ್ನ ಸೇರಲಿಲ್ಲ. ಕೊನೆಗೆ ಮಾಮೂಲಿ ಜ್ವರ ಎಂದು ಗೊತ್ತಾಯಿತು. ಕೋಳಿಗಳದ್ದೂ ಬೇರೆ ರೋಗ. ನೋಡಲು ಹೋದಾಗ ಗಂಗವ್ವ ಕೇಳಿದ್ದು ಒಂದೇ ಮಾತು.

"ಅವತ್ತ ಆ ಮಾಸ್ಕು ನಿಮಗ ಬಿಗಿ ಆಗಿತ್ತೇನ್ರಿ? ಭಾಳ ಬೆವತಿದ್ರಿ."

ಬೈದಿದ್ದರೆ ಇಷ್ಟು ನಾಚಿಕೆಯಾಗುತ್ತಿರಲಿಲ್ಲ.

ಈಗ ನಾನು ನಿವೃತ್ತ. ಮತ್ತೆ ಎಲ್ಲೋ ಹಕ್ಕಿಜ್ವರವೆಂದು ಪೇಪರಿನಲ್ಲಿ ಬಂದಿದೆ, ಗಂಗವ್ವ ಇನ್ನೂ ಅದೇ ಫಾರಂನಲ್ಲಿದ್ದಾರೆ. ಹಳೆಯ ಕೈಗವಸು ಎಳೆದು ನೋಡಿದರೆ ಹರಿಯಿತು. ಪೇಟೆಯಲ್ಲಿ ಹೊಸ ಕೈಗವಸು, ಮಾಸ್ಕು ಕೊಂಡು ಬಸ್ಸು ಹತ್ತಿದೆ.

ಫಾರಂ ಗೇಟಿನ ಬಳಿ ಅವುಗಳ ಗಂಟು ಕೊಟ್ಟೆ. ಗಂಗವ್ವ ಬಿಚ್ಚಿ, ಮೊದಲ ಮಾಸ್ಕನ್ನು ನನ್ನ ಕಡೆಗೇ ಚಾಚಿದರು.

"ನಾನು ಒಳಗೆ ಬರಲ್ಲ ಗಂಗವ್ವ. ನೀವು ಹಾಕ್ಕೊಳ್ಳಿ, ನೋಡ್ಕೊಂಡು ಹೋಗ್ತೀನಿ."

ಅವರು ಕೈಗವಸಿನೊಳಗೆ ಐದೂ ಬೆರಳು ತೂರಿಸಿಕೊಳ್ಳುವವರೆಗೆ ನಾನು ಗೇಟಿನ ಹೊರಗೇ ನಿಂತಿದ್ದೆ.