ಅರ್ಧಕ್ಕೆ ನಿಂತ ಕೆಲಸಗಳ ಜೊತೆಗಾರ್ತಿ

ತಮ್ಮವರನ್ನು ಕಳೆದುಕೊಂಡವರ ಜೊತೆ ಕೂತು ಮಾತಾಡಿಸುವ ವೃತ್ತಿಯಲ್ಲಿ ನಮ್ಮ ಮೇಡಂ ಅವರದು ಮೂವತ್ತೊಂದು ವರ್ಷಗಳ ಸೇವೆ. ಅವರ ವಿದ್ವತ್ತಿನ ಬಗ್ಗೆ ವೈದ್ಯರೂ ಶಿಷ್ಯರೂ ಅವರ ನಿವೃತ್ತಿಗೆಂದು ತರುತ್ತಿರುವ ಈ ಅಭಿನಂದನಾ ಸಂಪುಟದಲ್ಲಿ ಬರೆದಿದ್ದಾರೆ. ನಾನು ಎಂಟನೆಯ ತರಗತಿಗೇ ಶಾಲೆ ಬಿಟ್ಟವಳು. ಆಸ್ಪತ್ರೆಯ ಎರಡನೇ ಮಹಡಿಯ ಅವರ ಕೋಣೆಯಲ್ಲಿ ಕುರ್ಚಿ ಜೋಡಿಸುವವಳು. ಸಂಪಾದಕರು ಒತ್ತಾಯಿಸಿದ್ದರಿಂದ ಕಂಡದ್ದನ್ನಷ್ಟೇ ಬರೆಯುತ್ತೇನೆ.

ಆ ಕೋಣೆಗೆ ನಾನು ಮೊದಲು ಬಂದದ್ದು ಅಮ್ಮ ತೀರಿಕೊಂಡಾಗ. ಅಮ್ಮ ಬಟ್ಟೆ ಹೊಲಿಯುತ್ತಿದ್ದಳು. ಮೂರು ವಾರ ನಾನು ಬಾಯಿ ಬಿಡಲಿಲ್ಲ. ಮೇಡಂ ಬುದ್ಧಿ ಹೇಳಲಿಲ್ಲ. "ನಿಮ್ಮಮ್ಮ ಯಾವ ಕೆಲಸ ಅರ್ಧಕ್ಕೆ ಬಿಟ್ಟಿದಾರೆ? ಅದನ್ನ ತಗೊಂಡು ಬಾ" ಅಂದರು. ಒಂದೇ ತೋಳಿನ ರವಿಕೆ ತಂದೆ. ಮೇಡಂ ಪಕ್ಕದಲ್ಲೇ ಕೂತು ಇನ್ನೊಂದು ತೋಳನ್ನು ತಿರುಗುಮುರುಗಾಗಿ ಹೊಲಿದು, "ಅಯ್ಯೋ, ನಿಮ್ಮಮ್ಮ ನೋಡಿದ್ರೆ ನನ್ನ ಕೈಗೇ ಬಾರಿಸ್ತಿದ್ರು, ಅಲ್ವಾ?" ಅಂದರು. ನಕ್ಕೆ, ಆಮೇಲೆ ಅಳು ಬಂತು. "ದುಃಖ ಮರೆಸೋದು ನಮ್ಮ ಕೆಲಸ ಅಲ್ರಪ್ಪ, ಹೊರೋವಾಗ ಜೊತೆಗೆ ಕೈ ಹಾಕೋದು" ಎಂದು ಶಿಷ್ಯರಿಗೆ ಅವರು ಹೇಳುತ್ತಿದ್ದುದರ ಅರ್ಥ ಅದೇ.

ಅವರೇ ನನಗೆ ಅಲ್ಲಿ ಕೆಲಸ ಕೊಡಿಸಿದರು. ಆಮೇಲೆ ನೋಡುತ್ತೇನೆ, ತೀರಿಕೊಂಡ ಗಡಿಯಾರ ರಿಪೇರಿಯವರೊಬ್ಬರ ಮಗಳ ಮುಂದೆಯೂ ಮೇಡಂ ಗಡಿಯಾರದ ಮುಳ್ಳನ್ನು ತಪ್ಪಾಗಿ ಕೂರಿಸಿ ಅದೇ "ಅಯ್ಯೋ", ಅದೇ ನಗು! ಆ ತಪ್ಪು ನನಗೊಬ್ಬಳಿಗೇ ಮಾಡಿದ್ದೆಂದು ನಂಬಿದ್ದೆ. ಅವತ್ತು ಕುರ್ಚಿಗಳನ್ನು ದಡಬಡ ಎತ್ತಿಟ್ಟೆ.

ಒಬ್ಬ ಬಸ್ ಕಂಡಕ್ಟರಮ್ಮ ಪ್ರತಿ ಗುರುವಾರ ಬರುತ್ತಿದ್ದರು. ಬಡಗಿಯಾಗಿದ್ದ ಗಂಡ ಮಗಳಿಗೆಂದು ಅರ್ಧ ಮಾಡಿಟ್ಟ ಸ್ಟೂಲು ಅವರ ಕಂಕುಳಲ್ಲಿ. ಆಕೆಯನ್ನು ಮೇಡಂ "ತಂಗಿ" ಅನ್ನುತ್ತಿದ್ದರು. ನನ್ನನ್ನು ಎಂದೂ ಹಾಗೆ ಕರೆದವರಲ್ಲ. ಐದನೇ ಗುರುವಾರ ಆಕೆಯನ್ನು ಬಾಗಿಲಲ್ಲೇ ತಡೆದು, "ಮೇಡಂಗೆ ಪುರುಸೊತ್ತಿಲ್ಲ. ಇನ್ಮೇಲೆ ಬರೋದು ಬೇಡ ಅಂದ್ರು" ಎಂದುಬಿಟ್ಟೆ. ಅವರು ಸ್ಟೂಲು ಎತ್ತಿಕೊಂಡು ಮೆಟ್ಟಿಲಿಳಿದರು.

ಎರಡು ವಾರ ಬರಲಿಲ್ಲ. ಮೇಡಂ ಕೇಳಿದಾಗ ನಿಜ ಹೇಳಿದೆ.

"ಯಾಕೆ ಹಾಗೆ ಮಾಡಿದೆ?"

"ನೀವು ಅವರನ್ನ ತಂಗಿ ಅಂತೀರಿ."

ಬೈಯಲಿಲ್ಲ. ಬಸ್ ಡಿಪೋಗೆ ಕರೆದುಕೊಂಡು ಹೋಗಿ, "ತಪ್ಪು ನಿಂದು, ಮಾತೂ ನೀನೇ ಆಡು" ಎಂದು ದೂರ ನಿಂತರು. ತೊದಲುತ್ತ ಕಂಡಕ್ಟರಮ್ಮನಿಗೆ ಎಲ್ಲ ಹೇಳಿದೆ.

"ನಮ್ಮನೆಯವರು ಹೋದಾಗ್ಲೂ ಹಂಗೆ ಅತ್ತಿರ್ಲಿಲ್ಲ ಕಣೇ," ಅಂದರು ಕಂಡಕ್ಟರಮ್ಮ. "ಅವತ್ತು ಬಸ್ಸಲ್ಲಿ ಟಿಕೆಟ್ ಹರಿಯೋಕೂ ಕೈ ಬರ್ಲಿಲ್ಲ. ನಿಂಗೆ ಇರೋದು ಒಬ್ಬರೇ ಮೇಡಂ ಅಂದ್ರೆ, ನಂಗೇನು ನಾಲ್ಕು ಜನ ಇದಾರಾ?"

ಮುಂದಿನ ಗುರುವಾರ ಅವರು ಸ್ಟೂಲಿನೊಂದಿಗೆ ಬಂದರು. ಮೇಡಂ ಮರ ನಯಗೊಳಿಸುವ ಉಜ್ಜುಕಾಗದವನ್ನು ನನ್ನ ಕೈಗಿತ್ತು, ಹೊರಗೆ ಹೋಗಿ ಬಾಗಿಲೆಳೆದುಕೊಂಡರು. ಸ್ಟೂಲನ್ನು ಬೋರಲಾಗಿಸಿ, "ಯಾವ ಕಾಲು ಬಾಕಿ?" ಎಂದು ಕೇಳಿದೆ. ಅವರು ತೋರಿಸಿದರು. ಸಂಜೆಯವರೆಗೆ ಉಜ್ಜಿದೆವು, ಅವರು ಗಂಡನ ಬಗ್ಗೆ ಹೇಳುತ್ತಲೇ ಇದ್ದರು. ಅಂದಿನಿಂದ, ಬಾಯಿ ಬಿಡದವರು ಯಾರೇ ಬಂದರೂ ಮೇಡಂ ನನ್ನ ಪಕ್ಕ ಕೂರಿಸತೊಡಗಿದರು.

ಅಸೂಯೆ ಹೋಗಿದೆ ಎಂದರೆ ಸುಳ್ಳಾದೀತು. ಈ ಸಂಪುಟದ ಕರಡು ಓದಿದೆ. ಪ್ರತಿಯೊಬ್ಬರೂ "ನನಗೆ ಅವರು ತಾಯಿಯಂತೆ" ಎಂದು ಬರೆದಿದ್ದಾರೆ. ಓದಿ ರಾತ್ರಿ ಊಟ ಸೇರಲಿಲ್ಲ.

ಮೇಡಂ ಆರೋಗ್ಯವಾಗಿ ನೂರು ವರ್ಷ ಬಾಳಲಿ. ನಿವೃತ್ತಿಯ ನಂತರವೂ ಅವರ ಕೈ ಸುಮ್ಮನಿರದಿರಲಿ. ಬರುವ ಗುರುವಾರ ಬಂದವರು "ಮೇಡಂ ಎಲ್ಲಿ?" ಎಂದು ಕೇಳಿಯೇ ಕೇಳುತ್ತಾರೆ. ಮೇಡಂ ಮನೆಯ ವಿಳಾಸ ಬರೆದಿಟ್ಟುಕೊಂಡಿದ್ದೇನೆ. ಕೊಡಲು ಮನಸ್ಸಿಲ್ಲ. ಕೊಡುತ್ತೇನೆ.