ತಳದ ಸಾಲು ಓದುತ್ತಿದ್ದ ಭಾನುವಾರಗಳು

ಈ ಸಲದ ಸಂಕ್ರಾಂತಿಯ ಅರಿಶಿನ-ಕುಂಕುಮಕ್ಕೆ ಕೂಡಿದಾಗ ನಮ್ಮ ಓಣಿಯ ಹೊಸ ಸೊಸೆಯೊಬ್ಬಳು ಒಂದು ಆಟ ಹೂಡಿದಳು. ಒಬ್ಬೊಬ್ಬರೂ ತಮಗೆ ಎಲ್ಲಕ್ಕಿಂತ ಹೆಚ್ಚು ಹಿಡಿಸಿದ ಸಿನಿಮಾದ ಹೆಸರು ಹೇಳಬೇಕು, ಅದರದೊಂದು ಹಾಡು ಹಾಡಬೇಕು. ಎಲ್ಲರೂ ಹೇಳಿದರು, ಹಾಡಿದರು, ಎಳ್ಳಿನ ಉಂಡೆ ಬಾಯಿಗೆ ಹಾಕಿಕೊಂಡರು. ನನ್ನ ಸರದಿ ಬಂದಾಗ ನಾನು, ಹೆಸರು ಗೊತ್ತಿಲ್ಲ, ಅದರಲ್ಲಿ ಹಾಡೂ ಇರಲಿಲ್ಲ ಎಂದೆ.

"ಹೆಸರೇ ಗೊತ್ತಿಲ್ಲಂದ್ರ ಮನಸ್ಸಿಗೆ ಹ್ಯಾಂಗ ಹಿಡೀತ್ರೀ ಕಾಕೂ?"

ಎಲ್ಲರೂ ನಕ್ಕರು, ನಾನೂ ನಕ್ಕೆ. ಮನೆಗೆ ಬಂದ ಮೇಲೆ ಯಾಕೋ ಬೇಜಾರಾಯಿತು. ಅಂಥ ಸಿನಿಮಾಗಳ ಪರವಾಗಿ ಎರಡು ಮಾತಾಡಬಲ್ಲವಳು ಆ ಪಡಸಾಲೆಯಲ್ಲಿ ನಾನೊಬ್ಬಳೇ ಇದ್ದೆ. ನಾನೂ ಬಾಯಿ ಬಿಡದೆ ಎದ್ದು ಬಂದಿದ್ದೆ.

ಉದಗೀರಿನ ಹುಡುಗಿ ನಾನು ಮರಾಠಿ ಗಡಿಸೀಮೆಯ ಉಮರ್ಗಾದ ಈ ಮನೆಗೆ ಸೊಸೆಯಾಗಿ ಬಂದು ಮೂವತ್ತು ವರ್ಷಕ್ಕೂ ಮೇಲಾಯಿತು. ಆಗ ಟಿವಿಯಲ್ಲಿ ಇದ್ದದ್ದು ಒಂದೇ ಚಾನೆಲ್ಲು. ಭಾನುವಾರ ಮಧ್ಯಾಹ್ನದ ಊಟ ಮುಗಿಯುವ ಹೊತ್ತಿಗೆ ಅದರಲ್ಲಿ ದೇಶದ ಯಾವುದಾದರೂ ಒಂದು ಭಾಷೆಯ ಸಿನಿಮಾ ಬರುತ್ತಿತ್ತು. ಈ ವಾರ ಒಂದು ಭಾಷೆ, ಮುಂದಿನ ವಾರ ಇನ್ನೊಂದು. ಎಲ್ಲವೂ ಪ್ರಶಸ್ತಿ ಪಡೆದವು, ಯಾವುದೂ ನಮ್ಮ ಕಡೆಯ ಟಾಕೀಸಿಗೆ ಬಂದವಲ್ಲ. ತಳದಲ್ಲಿ ಬಿಳಿಯ ಅಕ್ಷರದಲ್ಲಿ ಇಂಗ್ಲಿಷು ಓಡುತ್ತಿತ್ತು.

ಅದು ಶುರುವಾಯಿತೆಂದರೆ ನನ್ನ ಗಂಡ ಎದ್ದು ಚಪ್ಪಲಿ ಹುಡುಕುತ್ತಿದ್ದರು. "ಅದರಾಗ ಏನೂ ಆಗೂದಿಲ್ಲ. ಒಬ್ಬಾಕಿ ಬಾವೀ ಕಡಿ ಹೋಗ್ತಾಳ, ಬಾವೀ ಕಡಿಂದ ಬರ್ತಾಳ. ಅಷ್ಟಕ್ಕ ಸರ್ಕಾರ ಇನಾಮ ಕೊಟ್ಟದ," ಎಂದು ಬಸ್‌ಸ್ಟ್ಯಾಂಡಿನ ಕಡೆ ಹೋಗಿಬಿಡುತ್ತಿದ್ದರು. ಗಂಡಸರು ಹೋದ ಮೇಲೆ ಪಡಸಾಲೆ ನಮ್ಮದು. ಅತ್ತೆ ಮೊರದಲ್ಲಿ ಉದ್ದು ಹಾಕಿಕೊಂಡು ಕೂಡುತ್ತಿದ್ದರು. ಎದುರು ಮನೆಯ ಐನೋರ ಅಮ್ಮ, ಅಂದರೆ ನಮ್ಮ ಪೂಜೆ-ಪುನಸ್ಕಾರಕ್ಕೆ ಬರುವ ಅಯ್ಯನವರ ಹೆಂಡತಿ, ತಮ್ಮ ಮೊರ ತಾವೇ ಹಿಡಿದುಕೊಂಡು ಬರುತ್ತಿದ್ದರು.

ಮೊದಮೊದಲು ಅವರಿಬ್ಬರೂ ಸುಮ್ಮನೆ ಚಿತ್ರ ನೋಡುತ್ತಿದ್ದರಂತೆ. ಕನ್ನಡ ಬಿಟ್ಟರೆ ಅತ್ತೆಗೆ ಬರುತ್ತಿದ್ದದ್ದು ಸಂತೆಯ ಮರಾಠಿ ಮಾತ್ರ. ನಾನು ಬಂದ ಹೊಸತರಲ್ಲಿ ಒಂದು ದಿನ ಕೇಳಿದರು: "ತಳದಾಗ ಏನೋ ಬರದು ಬರದು ಅಳಸ್ತಾರಲ್ಲ, ಏನವ್ವ ಅದು?"

ನಾನು ಹತ್ತನೆಯ ತನಕ ಉದಗೀರಿನಲ್ಲಿ ಸಿಸ್ಟರುಗಳ ಕಾನ್ವೆಂಟಿನಲ್ಲಿ ಓದಿದವಳು. ಸಾಲಿನ ಕೆಳಗೆ ಫೂಟ್‌ಪಟ್ಟಿ ಇಟ್ಟುಕೊಂಡು, ಕಣ್ಣು ಆಚೀಚೆ ಹೋಗದಂತೆ ಓದಲು ಕಲಿಸಿದ್ದರು. ಆ ವಿದ್ಯೆ ಈ ಮನೆಯಲ್ಲಿ ಹೀಗೆ ಉಪಯೋಗಕ್ಕೆ ಬಂತು. ಟಿವಿಯ ಪಕ್ಕ ಕೂತು, ಸಾಲು ಬಂದ ಹಾಗೆ ಓದಿ, ನಮ್ಮ ಮಾತಿನಲ್ಲಿ ಹೇಳುವುದು.

ಸುಲಭವಿರಲಿಲ್ಲ. ನಮ್ಮದು ಕಪ್ಪು-ಬಿಳುಪು ಟಿವಿ. ಬಿಳಿ ಧೋತರ ಉಟ್ಟವರು ಬಂದು ನಿಂತರೆ ಬಿಳಿ ಅಕ್ಷರಗಳು ಧೋತರದೊಳಗೆ ಕರಗಿಹೋಗುತ್ತಿದ್ದವು. ನಾನು ತಡವರಿಸುತ್ತಿದ್ದೆ.

"ಹಿರ್ಯಾರು ಬಂದ್ರಂದ್ರ ನಿಮ್ಮ ಸೊಸಿ ಬಾಯಿ ಬಂದ್ ಆಗ್ತದ ನೋಡ್ರಿ," ಐನೋರ ಅಮ್ಮ ಅನ್ನುತ್ತಿದ್ದರು. "ಭಾಳ ಮರ್ಯಾದಿ ಹುಡುಗಿ."

ಮಾತು ಉದ್ದವಿದ್ದು ಸಾಲು ಚಿಕ್ಕದಿದ್ದರೆ ಅತ್ತೆಗೆ ಅನುಮಾನ. "ಅಂವಾ ಅಷ್ಟೊತ್ತು ಒದರ್‍ಯಾನ, ನೀ 'ಬ್ಯಾಡ' ಅಂತ ಒಂದೇ ಹೇಳ್ತಿ. ಉಳದದ್ದು ಎಲ್ಲಿ ಹೋತು?"

"ಇಂಗ್ಲಿಷಿನವ್ರು ಅಷ್ಟೇ ಬರದಾರ್‍ರೀ ಅತ್ತೀ."

"ಜಿಪುಣರಿರಬೇಕು."

ಮದುವೆಯಾದ ಎರಡನೆಯ ವರ್ಷ ನನ್ನ ನಾದಿನಿ, ಗಂಡನ ತಂಗಿ, ಪಂಚಮಿಗೆಂದು ತವರಿಗೆ ಬಂದವಳು ದೀಪಾವಳಿ ಕಳೆದರೂ ಹೊಳ್ಳಿ ಹೋಗಲಿಲ್ಲ. ಅವಳನ್ನು ಕೊಟ್ಟದ್ದು ನಿಲಂಗಾಕ್ಕೆ. ಹೊಲ-ಮನೆ ಇದ್ದವರು, ದೊಡ್ಡ ಮನೆತನ. ಅವಳೂ ನಾನೂ ಒಂದೇ ವಾರಿಗೆಯವರು. ಯಾಕೆ ಹೋಗುತ್ತಿಲ್ಲ ಎಂದು ಯಾರಾದರೂ ಕೇಳಿದರೆ "ಅಂವಾ ಮಾತಾಡೂದಿಲ್ಲ" ಎನ್ನುತ್ತಿದ್ದಳು. ಜಗಳವಾಗಿ ಮಾತು ಬಿಟ್ಟದ್ದಲ್ಲ. ಮದುವೆಯಾದ ಮೂರು ವರ್ಷವೂ ಅಷ್ಟೇ.

ಅತ್ತೆ ಬೆರಳು ಮಡಚಿ ಎಣಿಸುತ್ತಿದ್ದರು. "ಕುಡೀತಾನೇನು? ಇಲ್ಲ. ಕೈ ಎತ್ತತಾನೇನು? ಇಲ್ಲ. ಹೊಲಾ ಮನಿ ಬರೋಬ್ಬರ್ ನೋಡ್ಕೋತಾನ. ಮತ್ತ ನಿನಗೇನ್ ಆಗ್ಯದ?"

"ಏನೂ ಆಗಿಲ್ಲವ್ವ."

ಹಾಗೆಂದು ಕಸಬರಿಗೆ ಎತ್ತಿಕೊಂಡು ಹೋಗುತ್ತಿದ್ದಳು. ಮಾವನವರು ನಾನು ಬರುವ ಮುಂಚೆಯೇ ತೀರಿಕೊಂಡಿದ್ದರು, ಮನೆಯಲ್ಲಿ ಅತ್ತೆಯ ಮಾತೇ ಮಾತು. ಅತ್ತೆಯ ಮಾತು ಅವಳನ್ನು ಕಳಿಸುವುದೆಂದೇ ಇತ್ತು. ಬರುವ ಗುರುವಾರ ಕರೆದೊಯ್ಯಲು ಬರುತ್ತೇವೆಂದು ನಿಲಂಗಾದ ಹಿರಿಯರು ಹೇಳಿಕಳಿಸಿದರು. ಅದರ ಮೊದಲಿನ ಭಾನುವಾರ ಆ ಸಿನಿಮಾ ಬಂತು.

ಹೆಸರು ತೋರಿಸುವಾಗ ನಾನು ಒಳಗಿಂದ ಮಜ್ಜಿಗೆ ತರುತ್ತಿದ್ದೆ. ಮೂಡಣ ಕಡೆಯ ಯಾವುದೋ ಭಾಷೆ. ನಮ್ಮ ಕಡೆಯವರು ಕಂಡಿರದಷ್ಟು ದೊಡ್ಡ ಹೊಳೆ, ದಂಡೆಯ ಮೇಲೊಂದು ಮನೆ, ಗಂಡ, ಹೆಂಡತಿ. ಗಂಡ ಊಟಕ್ಕೆ ಕೂಡುತ್ತಾನೆ, ಏಳುತ್ತಾನೆ. ಹೆಂಡತಿ ಸೌಟು ಹಿಡಿದು ನಿಂತಿರುತ್ತಾಳೆ. ದಿನಾ ಒಂದು ದೋಣಿ ಹೋಗುತ್ತದೆ, ಬರುತ್ತದೆ. ಒಂದೂವರೆ ತಾಸಿನಲ್ಲಿ ನನಗೆ ಓದಲು ಸಿಕ್ಕ ಸಾಲು ಬಹಳ ಕಡಿಮೆ. ಐನೋರ ಅಮ್ಮ ಗೋಡೆಗೊರಗಿ ಕಣ್ಣು ಮುಚ್ಚಿದರು. ಕೊನೆಗೆ ಆ ಹೆಂಗಸು ಒಂದು ಟ್ರಂಕು ಹಿಡಿದು ದೋಣಿಯಲ್ಲಿ ಕೂತಳು. ಅಲ್ಲಿಂದ ಮುಂದೆ ಒಂದೇ ಒಂದು ಮಾತಿಲ್ಲ. ಸಾಲು ಈಗ ಬಂದೀತು, ಆಗ ಬಂದೀತು ಎಂದು ನಾನು ಪರದೆಯ ತಳವನ್ನೇ ನೋಡುತ್ತ ಕೂತೆ. ಬರೀ ನೀರು ಕಂಡಿತು. ಆಮೇಲೆ ಅವಳು ಇಳಿದು ನಡೆದಳು. ಮುಗಿಯಿತು.

"ಏನಾತು? ಹೋದ್ಲೋ, ಬಂದ್ಲೋ?" ಅತ್ತೆ ಕೇಳಿದರು. ಕೇಳುವಾಗ ಮಗಳ ಕಡೆ ಒಮ್ಮೆ ನೋಡಿದರು.

ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಎನ್ನಬಹುದಿತ್ತು. ಮಗಳ ತಲೆಯಲ್ಲಿ ಇಲ್ಲದ್ದು ತುಂಬಿದಳು ಎಂಬ ಮಾತು ನನ್ನ ಮೇಲೆ ಬಂದೀತೆಂಬ ಅಂಜಿಕೆ. "ಹೊಳ್ಳಿ ಬಂದ್ಲು ಅತ್ತೀ. ಗಂಡನ ಮನಿಗೇ ಬಂದ್ಲು," ಎಂದೆ.

"ನೋಡು," ಎಂದರು ಅತ್ತೆ ಮಗಳಿಗೆ.

ನಾದಿನಿ ಉದ್ದಿನೊಳಗಿನ ಒಂದು ಹರಳು ತೆಗೆದು ಪಕ್ಕಕ್ಕಿಟ್ಟಳು.

ಸಂಜೆ ಹಿತ್ತಲಲ್ಲಿ ನಾನು ಭಾಂಡೆ ತಿಕ್ಕುವಾಗ ಅವಳು ನೀರು ಹಾಕಲು ಬಂದಳು.

"ವೈನಿ, ಆಕಿ ಹೊಳ್ಳಿ ಬಂದಿಲ್ಲ."

ನಾನು ಕೈ ನಿಲ್ಲಿಸಿದೆ.

"ಗಂಡನ ಮನಿ ದಂಡಿಗೆ ಕಲ್ಲಿನ ಪಾವಟಗಿ ಇದ್ವು. ಆಕಿ ಕೊಡಾ ತೊಗೊಂಡು ದಿನಾ ಇಳೀತಿದ್ಲಲ್ಲ. ಕಡೀಕ ಇಳದಲ್ಲಿ ಪಾವಟಗಿ ಇಲ್ಲ, ಬರೇ ರಾಡಿ. ಚಪ್ಪಲ ಕೈಯಾಗ ಹಿಡ್ಕೊಂಡು ನಡದ್ಲು. ನೀವು ನೋಡಲಿಲ್ಲೇನು?"

ನೋಡಿರಲಿಲ್ಲ. ಇನ್ನೂ ಏನೇನು ನೋಡಿಲ್ಲವೋ ಎಂದು ಕೇಳಿದೆ. ಅವಳು ತಂಬಿಗೆ ಕೆಳಗಿಟ್ಟು ಹೇಳತೊಡಗಿದಳು. ಗಂಡ ಊಟವಾದ ಮೇಲೆ ತಾಟನ್ನು ಎಡಗೈಯಿಂದ ಅಂಗೈ ಅಗಲ ಸರಿಸುತ್ತಿದ್ದ. ಸರಿಸಿದರೆ ಎತ್ತು ಎಂದರ್ಥ. ಹೆಂಡತಿ ಎತ್ತುತ್ತಿದ್ದಳು. ಒಂದು ದಿನ ಅವಳು ಹೊಸ ಸೀರೆ ಉಟ್ಟು ನಿಂತಳು, ಅವನು ತಾಟು ಸರಿಸಿದ. ಕೊನೆಯ ದಿನ ಸರಿಸಿದ ತಾಟನ್ನು ಎತ್ತದೆ ಟ್ರಂಕು ಎತ್ತಿದಳು. ದೋಣಿಯಲ್ಲಿ ಕೂತಾಗ ಒಮ್ಮೆ ಬಾಯಿ ಅಲುಗಿಸಿದಳು. ಯಾರ ಜೊತೆಗೂ ಅಲ್ಲ. ದನಿ ಹೊರಡುತ್ತದೋ ಇಲ್ಲವೋ ನೋಡಿಕೊಂಡಂತೆ.

"ನಾನೂ ಅಲ್ಲಿ ಹಂಗ ಮಾಡ್ತಿದ್ದೆ, ವೈನಿ. ದನದ ಕೊಟಗ್ಯಾಗ ಹೋಗಿ."

ಇಷ್ಟು ಹೇಳಿ ಅವಳು ನೀರು ಹಾಕಿದಳು, ನಾನು ಭಾಂಡೆ ತೊಳೆದೆ. ಅಕ್ಷರ ಬಲ್ಲ ನಾನು ವಾರಗಟ್ಟಲೆ ಪರದೆಯ ಕೆಳಗಿನ ನಾಲ್ಕು ಬೆರಳಷ್ಟೇ ನೋಡಿದ್ದೆ. ಉಳಿದ ಸಿನಿಮಾ ನೋಡಿದವರು ಆ ಇಂಗ್ಲಿಷು ಬಾರದವರು. ಅದರಲ್ಲಿ ಏನೂ ಆಗುವುದಿಲ್ಲ ಎನ್ನುವವರಿಗೆ ನಾನು ಇಂದು ಹೇಳಬೇಕೆಂದಿರುವುದು ಇದಿಷ್ಟೇ. ಆಗುತ್ತಿರುತ್ತದೆ, ತಾಟಿನ ಹತ್ತಿರ, ಅಂಗೈ ಅಗಲದಲ್ಲಿ. ಹಾಡು, ಹೊಡೆದಾಟ ಇದ್ದದ್ದನ್ನು ಯಾರಾದರೂ ನೆನಪಿಡುತ್ತಾರೆ. ಇದನ್ನು ತೆಗೆದವರಿಗೆ ಉಮರ್ಗಾದಲ್ಲಿ ಒಬ್ಬಳು ಅದನ್ನು ಪೂರ್ತಿ ನೋಡಿದಳೆಂದು ತಿಳಿದಿರಲಿಕ್ಕಿಲ್ಲ.

ನನ್ನ ಸುಳ್ಳು ಮಾತ್ರ ಮನೆತುಂಬ ಓಡಾಡತೊಡಗಿತು. ಸೋಮವಾರ ಅತ್ತೆ ಐನೋರ ಅಮ್ಮನಿಗೆ ಹೇಳಿದರು: "ಪಿಚ್ಚರ್‌ನ್ಯಾಕಿನೂ ಹೊಳ್ಳಿ ಬಂದ್ಲಲ್ಲ." ಮಂಗಳವಾರ ತುರೋರಿಯಿಂದ ಬಂದ ತಮ್ಮ ತಂಗಿಗೂ ಅದನ್ನೇ ಹೇಳಿದರು. ನಾದಿನಿ ನನ್ನ ಮುಖ ನೋಡಲಿಲ್ಲ. ಸೀರೆಗಳನ್ನು ಮಡಚಿ ಚೀಲಕ್ಕೆ ಹಾಕಿಕೊಳ್ಳುತ್ತಿದ್ದಳು.

ಬುಧವಾರ ಬೆಳಿಗ್ಗೆ ಅತ್ತೆ ರೊಟ್ಟಿ ತಟ್ಟುತ್ತಿದ್ದರು, ನಾನು ಹಂಚಿನ ಮುಂದಿದ್ದೆ.

"ಅತ್ತೀ, ಆ ಪಿಚ್ಚರದಾಗಿನ ಹೆಣ್ಮಗಳು ಹೊಳ್ಳಿ ಬಂದಿಲ್ರಿ. ನಾ ಸುಳ್ಳ ಹೇಳಿದ್ದೆ."

ರೊಟ್ಟಿಯ ಸಪ್ಪಳ ನಿಂತಿತು. "ಯಾಕ?"

"ನಿಮ್ಮ ಮಾರಿ ನೋಡಿ. ನಿಮಗ ಅದೇ ಬೇಕಾಗಿತ್ತು ಅನ್ನಿಸ್ತು."

"ಅಂದ್ರ ಇಷ್ಟ್ ದಿನ ಎಲ್ಲಾ ಪಿಚ್ಚರ್ ನನ್ನ ಮಾರಿ ನೋಡೇ ಹೇಳೀಯೇನು?"

"ಇಲ್ರಿ. ಅದೊಂದೇ. ಮತ್ತ ಧೋತರ ಬಂದಾಗ ಜರಾ."

ಅವರು ನಗಲಿಲ್ಲ. ಸಿಟ್ಟೂ ಆಗಲಿಲ್ಲ. ಮತ್ತೆ ತಟ್ಟತೊಡಗಿದರು. ನಾನು ತಟ್ಟಿದಷ್ಟೂ ಬೇಯಿಸುತ್ತ, ಇಡೀ ಸಿನಿಮಾವನ್ನು ಮೊದಲಿಂದ ಹೇಳಿದೆ. ಈ ಸಲ ಸಾಲು ಓದಿದ್ದನ್ನಲ್ಲ, ನಾದಿನಿ ನೋಡಿದ್ದನ್ನು. ಪಾವಟಿಗೆ, ತಾಟು, ಹೊಸ ಸೀರೆ, ರಾಡಿ. ಅದು ಅವಳ ಕಣ್ಣಿನದೆಂದು ಹೇಳಿಯೇ ಹೇಳಿದೆ. ಕೊಟ್ಟಿಗೆಯ ಮಾತನ್ನೂ ಹೇಳಿದೆ.

ಇನ್ನೊಂದು ರೊಟ್ಟಿ ತಟ್ಟಿ ಅತ್ತೆ ಕೇಳಿದರು: "ಆ ಗಂಡ ಏನೂ ಮಾತಾಡೂದೇ ಇಲ್ಲೇನು?"

"ಪಿಚ್ಚರ್ ಪೂರ್ತಿ ಹೆಂಡ್ತಿಗೆ ನಾಕೇ ಮಾತು ಆಡ್ಯಾನ್ರಿ. ಅವಷ್ಟು ಬರೋಬ್ಬರ್ ಓದೀನಿ."

"ಯಾವ ನಾಕು?"

"ನೀರು. ಉಪ್ಪು. ಬಾಗಿಲ ಹಾಕು. ಸಾಕು."

ಅತ್ತೆ ಹಿಟ್ಟಿನ ಕೈಯನ್ನು ಹಿಟ್ಟು ನಾದುವ ಕೊಣಮಿಗೆಯ ಅಂಚಿಗೆ ಒರೆಸಿದರು. "ನಮ್ಮಾಕಿ ಕೂಡ ಎಷ್ಟ್ ಆಡ್ತಾನಂತ ನಾ ಕೇಳೇ ಇಲ್ಲ," ಎಂದರು. ಮಿಕ್ಕ ಹಿಟ್ಟು ನನಗೆ ಬಿಟ್ಟು ಎದ್ದು ಮಗಳಿದ್ದ ಕೋಣೆಗೆ ಹೋದರು. ಏನು ಮಾತಾಡಿದರೋ ನನಗೆ ತಿಳಿಯದು. ಮಧ್ಯಾಹ್ನ ನೋಡಿದಾಗ ಸೀರೆಗಳು ಚೀಲದಿಂದ ಗೂಟಕ್ಕೆ ಬಂದಿದ್ದವು.

ಗುರುವಾರ ಹಿರಿಯರಿಬ್ಬರು ಬಂದರು. ಊಟವಾಯಿತು, ಎಲೆ-ಅಡಿಕೆಯಾಯಿತು. ಅತ್ತೆ, ಈಗ ಕಳಿಸುವುದಿಲ್ಲ ಎಂದರು.

"ನಮ್ಮ ಹುಡುಗ ಏನ್ ತಪ್ಪ ಮಾಡ್ಯಾನ ಹೇಳ್ರಿ, ಅಕ್ಕಾರ," ಅವರಲ್ಲಿ ದೊಡ್ಡವರು ಕೇಳಿದರು.

"ಏನೂ ಮಾಡಿಲ್ಲ. ಬಂದು ಆಕಿ ಕೂಡ ಜರಾ ಮಾತಾಡ್ಲಿ. ನಾನೇ ಬಸ್ಸಿಗಿ ಕೂಡಿಸಿ ಕಳಿಸ್ತೀನಿ."

"ಮಾತೇನು, ಆಡ್ತಾನ," ಎಂದರು ಅವರು, ಇಷ್ಟೇನಾ ಎಂಬಂತೆ.

ಮೂರು ವಾರ ಬಿಟ್ಟು ಅವನು ಬಂದ. ಭಾನುವಾರ ಮಧ್ಯಾಹ್ನ, ಇನ್ನೊಂದು ಸಿನಿಮಾ ನಡೆದಿತ್ತು. ಇಸ್ತ್ರಿಯ ಅಂಗಿ, ಕೈಯಲ್ಲಿ ಬಾಳೆಹಣ್ಣಿನ ಚೀಲ. ನೋಡಲು ಲಕ್ಷಣವಾಗಿದ್ದ. ಕುರ್ಚಿ ಕೊಟ್ಟೆವು. ಅತ್ತೆ ನಾದಿನಿಯ ಕೈಯಿಂದಲೇ ಚಹಾ ಕೊಡಿಸಿದರು. ಐನೋರ ಅಮ್ಮ ತಮ್ಮ ಮೊರ ಎತ್ತಿಕೊಂಡು ಏಳಲು ಹೋದರೆ ಅತ್ತೆ ಸನ್ನೆ ಮಾಡಿ ಕೂಡಿಸಿದರು. ನಾನು ಸಾಲು ಓದುವುದನ್ನು ನಿಲ್ಲಿಸಿದ್ದೆ.

"ನೀ ಯಾಕ ನಿಂದ್ರಸ್ದಿ? ಓದು," ಎಂದರು ಅತ್ತೆ.

ನಾನು ಓದಿದೆ. ಅವನು ಟಿವಿ ನೋಡಿದ. ನಾದಿನಿ ಎರಡು ಮೊಳ ದೂರದಲ್ಲಿ ಗೋಡೆಗೆ ಕೂತಿದ್ದಳು. ಅತ್ತೆ ಮಾತ್ರ ಟಿವಿಯ ಕಡೆ ತಿರುಗಲೇ ಇಲ್ಲ. ಅಷ್ಟು ಹೊತ್ತೂ ಅವನನ್ನೇ ನೋಡಿದರು. ತಾಸಿನ ಮೇಲಾಗಿರಬೇಕು. ಅವನು ಕಪ್ಪನ್ನು ಕುರ್ಚಿಯ ಕಾಲಿನ ಹತ್ತಿರ ಇಟ್ಟು, ಗಡಿಯಾರ ನೋಡಿಕೊಂಡು, "ಬಸ್ಸಿನ ಟೈಮಾತು" ಎಂದು ಅತ್ತೆಗೆ ಹೇಳಿ ಎದ್ದ. ಬಾಗಿಲಲ್ಲಿ ಚಪ್ಪಲಿ ಮೆಟ್ಟಿಕೊಳ್ಳುವಾಗ ನಾದಿನಿ ಎದ್ದು ನಿಂತಳು. ಅವನು ಕೆಳಗೆ ನೋಡಿ ಚಪ್ಪಲಿಯ ಪಟ್ಟಿ ಸರಿಮಾಡಿಕೊಂಡು ಹೋದ.

ಕೆಟ್ಟವನಲ್ಲ ಎಂದು ನಾದಿನಿಯೇ ಇವತ್ತಿಗೂ ಅನ್ನುತ್ತಾಳೆ. ಅವಳು ಮತ್ತೆ ನಿಲಂಗಾಕ್ಕೆ ಹೋಗಲಿಲ್ಲ, ಅಲ್ಲಿಂದಲೂ ಯಾರೂ ಬರಲಿಲ್ಲ. ಮುಂದೆ ಬಾಲವಾಡಿಯ ಕೆಲಸಕ್ಕೆ ಸೇರಿದಳು. ದಿನವಿಡೀ ಮೂವತ್ತು ಮಕ್ಕಳ ಜೊತೆ ಮಾತಾಡಿ ದನಿ ಒಡೆದುಕೊಂಡು ಮನೆಗೆ ಬರುತ್ತಿದ್ದಳು.

ಆ ಭಾನುವಾರ ಅವನು ಓಣಿ ದಾಟಿದ ಮೇಲೂ ಟಿವಿ ನಡೆದೇ ಇತ್ತು. ಅತ್ತೆ ಮೊರ ಎಳೆದುಕೊಂಡರು.

"ಚಹಾಕ್ಕ ಸಕ್ಕರಿ ಹೆಚ್ಚಾತು ಅಂತಾದ್ರೂ ಅನಬೇಕಿತ್ತು," ಎಂದರು, ಯಾರಿಗೂ ಅಲ್ಲದಂತೆ.

ನಾದಿನಿ ಕಪ್ಪು ಎತ್ತಿಕೊಂಡು ಹೋಗಿ ತೊಳೆದಿಟ್ಟು, ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದು ನನ್ನ ಪಕ್ಕ ಕೂತಳು.

"ಎಲ್ಲೀತನಕ ಬಂತು, ವೈನಿ?"