ಹಾಸಿಗೆ ಮುಗಿದಲ್ಲಿ

ಕುಂಬಳೆಯ ಕಡಲ ಬದಿಯ ಅಮ್ಮಣ್ಣಿ ಹತ್ತಿರದ ಅನಂತಪುರದ ಕಾರ್ಖಾನೆಯಲ್ಲಿ ಹೊಲಿಯುತ್ತಿದ್ದದ್ದು ಮಲಗುವ ಹಾಸಿಗೆಯಲ್ಲ. ದಪ್ಪ ಬಟ್ಟೆಯ ದೊಡ್ಡ ಹಾಸಿಗೆ. ಒಳಗೆ ಹೊಯ್ಗೆ, ಅಂದರೆ ಮರಳು, ತುಂಬಿಸಿ ದಂಡೆಗೆ ಹಾಸಿದರೆ ಕಡಲು ನೆಲ ಕೊರೆಯುವುದಿಲ್ಲವಂತೆ. ಸತ್ತ ಗಂಡ ಕಟ್ಟಿಸಿದ ಮನೆಯ ಅಂಗಳವನ್ನು ಕಡಲು ಮಳೆಗಾಲಕ್ಕಿಷ್ಟು ತಿನ್ನುತ್ತ ಬಂದಿತ್ತು. ಅದರ ಮುಂದೆಯೂ ಹಾಸಿಗೆ ಬಿದ್ದರೆ ಮನೆ ಉಳಿದೀತು ಎಂದು ಅವಳು ಬೆರಳು ಬಿರಿಯುವಷ್ಟು ಹೊಲಿದಳು.

ಪರೀಕ್ಷೆಯ ದಿನ ಉದ್ದದ ಸಿಮೆಂಟು ತೊಟ್ಟಿಯಲ್ಲಿ ಹೊಯ್ಗೆ ಹರಡಿ, ಅರ್ಧಕ್ಕೆ ಹಾಸಿಗೆ ಹಾಸಿ, ಪಂಪಿನಿಂದ ನೀರು ನುಗ್ಗಿಸಿದರು. ಹಾಸಿಗೆ ಮಿಸುಕಲಿಲ್ಲ. ಅದು ಮುಗಿದಲ್ಲಿ ಮಾತ್ರ ನೀರು ಸುಳಿದು, ಬರಿ ಹೊಯ್ಗೆಯನ್ನು ಬಗೆದುಕೊಂಡು ಹೋಯಿತು.

"ಸಾರ್, ಅಲ್ಲಿ ಎಂತ ಹೊಂಡ ಅದು?"

ಇಂಜಿನಿಯರ್ ವಿಜೇತ್ ನಕ್ಕ. "ಪರೀಕ್ಷೆ ಹಾಸಿಗೆಗೆ, ಅಮ್ಮಣ್ಣಿಯಕ್ಕ, ಹೊಂಡಕ್ಕಲ್ಲ. ಅದನ್ನು ಕಡೆಯ ಮನೆಯವರು ನೋಡಿಕೊಳ್ತಾರೆ."

ಎಲ್ಲರೂ ನಕ್ಕರು. ಅಮ್ಮಣ್ಣಿಯೂ ನಕ್ಕಳು.

ಮಳೆಗೆ ಮೊದಲೇ ಲಾರಿ ದಂಡೆಗೆ ಬಂತು. ಗಂಡನ ಅಣ್ಣ ವಾಸಪ್ಪನ ಮನೆ ತೆಂಕಿಗೆ, ಅವಳದು ಪಕ್ಕದಲ್ಲೇ ಬಡಗು ದಿಕ್ಕಿಗೆ. ಎಲ್ಲಿಂದ ಸುರುಮಾಡುವುದೆಂದು ವಿಜೇತ್ ಕೇಳಿದ.

"ಹಿರಿಯರ ಮನೆಯಿಂದ. ಅಲ್ವಾ ಅಮ್ಮಣ್ಣೀ?"

ಭಾವನ ಮಾತಿಗೆ ಎಂದೂ ಎದುರಾಡಿದವಳಲ್ಲ, ತಲೆಯಾಡಿಸಿದಳು. ವಾಸಪ್ಪನ ಬೇಲಿಯ ಹತ್ತಿರ ಹಾಸಿಗೆಗಳು ಮುಗಿದವು. ಉಳಿದದ್ದಕ್ಕೆ ಇನ್ನೂ ಮಂಜೂರಾತಿ ಬರಬೇಕಂತೆ.

"ಭಾವಾ, ಒಂದನ್ನಾದರೂ ಇತ್ತ ಹಾಕಿಸಿ. ಇದು ಮುಗಿದಲ್ಲಿ ನೀರು ಹೊಂಡ ತೋಡ್ತದೆ. ನಾನು ಕಣ್ಣಾರೆ ಕಂಡಿದ್ದೇನೆ."

"ಕಂಡವಳು ಆಗಲೇ ಹೇಳ್ಬೇಕಿತ್ತು. ತಲೆ ಆಡಿಸಿದ್ದು ಯಾರು?"

ಜಡಿಮಳೆಯ ಆಟಿ ತಿಂಗಳ ಕಡಲು ವಾಸಪ್ಪನ ಅಂಗಳವನ್ನು ಬಿಟ್ಟು ಅವಳ ಕಡೆಗೆ ತಿರುಗಿತು. ತೆಂಗು ಹೋಯಿತು, ಬಾವಿ ಹೋಯಿತು, ಅಡುಗೆಕೋಣೆಯ ಗೋಡೆ ಕುಸಿಯಿತು. ಅವಳು ಅಕ್ಕಿಯ ಡಬ್ಬಿ ಹೊತ್ತು ಹೊರಗೋಡುವಾಗ ವಾಸಪ್ಪ ಕೊಡೆ ಹಿಡಿದು ಹಾಸಿಗೆಯ ಮೇಲೆಯೇ ನಿಂತಿದ್ದ.

"ಹೊಲಿಗೆ ಭಾರೀ ಗಟ್ಟಿ ಮಾರಾಯ್ತೀ! ಒಂದು ನೂಲು ಬಿಡಲಿಲ್ಲ."

ಈಗ ಅವಳು ಅವನ ಕೊಟ್ಟಿಗೆಯ ಬದಿಯ ಕೋಣೆಯಲ್ಲಿದ್ದಾಳೆ. ಬೆಳಿಗ್ಗೆ ಅವನ ಮನೆಯ ಪಾತ್ರೆ ತೊಳೆದಿಟ್ಟು ಕಾರ್ಖಾನೆಗೆ ಹೋಗುತ್ತಾಳೆ. ದೀಪಾವಳಿ ಕಳೆದ ಮೇಲೆ ಉಳಿದ ಹಾಸಿಗೆಗಳು ಮಂಜೂರಾದವು. ಹೊಲಿದದ್ದು ಅವಳೇ. ಲಾರಿಯ ಹಿಂದೆ ಓಡೋಡಿ ಬಂದು ತನ್ನ ಜಾಗ ತೋರಿಸಿದಳು.

ವಿಜೇತ್ ಗಾಡಿಯಿಂದ ಇಳಿಯಲೂ ಇಲ್ಲ.

"ಮನೆಯೇ ಇಲ್ಲವಲ್ಲ, ಅಮ್ಮಣ್ಣಿಯಕ್ಕ. ಇಲ್ಲಿ ಕಾಯಲಿಕ್ಕೆ ಎಂತ ಉಂಟು?"

ಲಾರಿ ಮುಂದಕ್ಕೆ ಹೋಯಿತು.